ಹಿತ್ತಿಲ ಕೋಣೆಯ ಬಗ್ಗೆ ನಾನು ಬರೆದ ಸುಳ್ಳು

ನಾನು ಸುಳ್ಳು ವರದಿ ಬರೆದೆ. ಅಮೆರಿಕದ ಅಲೆಕ್ಸಾಂಡ್ರಿಯಾ ನಗರದ ಏಳು ಮನೆಗಳ ಹಳೆಯ ಸಾಲಿನ ಹಿಂದಿದ್ದ ಬಟ್ಟೆ ಒಗೆಯುವ ಕೋಣೆ "ಇತ್ತೀಚಿನದು, ಚಾರಿತ್ರಿಕ ಮಹತ್ವವಿಲ್ಲ" ಎಂದು ಸಹಿ ಹಾಕಿದ್ದು ನಾನೇ — ಎಲ್ಲ ಗೊತ್ತಿದ್ದೂ.

ಹಳೆಯ ಕಟ್ಟಡಗಳನ್ನು ಪರೀಕ್ಷಿಸುವುದು ನನ್ನ ವೃತ್ತಿ. ಲಂಡನ್ನಿನ ಬೀದಿಗಳನ್ನು ನೋಡಿ ಕಟ್ಟಿದ ಸಾಲು ಅದು. ಮನೆಗೂ ಮನೆಗೂ ನಡುವೆ ಒಂದೇ ಗೋಡೆ, ಏಳಕ್ಕೂ ಒಂದೇ ಎತ್ತರದ ಸೂರು, ಬಾಗಿಲ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಗಾಜು. ಹಿತ್ತಿಲ ಕೋಣೆಯನ್ನು ತೋರಿಸಿದವರು ಕೊನೆಯ ಮನೆಯ ಡಾರತಿ, ಎಂಬತ್ತು ದಾಟಿದ ಕಪ್ಪುವರ್ಣೀಯ ಮಹಿಳೆ. ಅವರ ಅಜ್ಜಿಯ ತಾಯಿ ಗುಲಾಮಳಾಗಿ ಹುಟ್ಟಿದ್ದು ಅಲ್ಲೇ ಎಂದು ಅಜ್ಜಿ ಹೇಳುತ್ತಿದ್ದರಂತೆ. ಮುಂಗೋಡೆಯ ಗಾರೆ, ಹಿತ್ತಿಲ ಗಾರೆ — ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿದೆ. ಒಂದೇ ಕಾಲದ್ದು, ಗುಲಾಮಗಿರಿ ಇದ್ದ ಕಾಲದ್ದು.

ಕೋಣೆ ಇದ್ದದ್ದು ಡಾರತಿಯವರ ಪಕ್ಕದ ಮನೆಯ ಡಾಕ್ಟರ್ ಸುರೇಶರ ಹಿತ್ತಿಲಲ್ಲಿ. ಮೈಸೂರಿನವರು. ಕೋವಿಡ್‌ನಲ್ಲಿ ನನ್ನ ಹೆಂಡತಿ ತೀರಿಕೊಂಡ ಮೇಲೆ, ಅಲ್ಲಿಂದ ಗಂಟೆಯ ದಾರಿಯ ಗೈದರ್ಸ್‌ಬರ್ಗ್‌ನ ನನ್ನ ಮನೆಯಲ್ಲಿ ಕನ್ನಡ ಕೇಳಿಸುವುದೇ ನಿಂತಿತ್ತು. ಪ್ರತಿ ಭಾನುವಾರ ಊಟಕ್ಕೆ ಕರೆಯುತ್ತಿದ್ದವರು ಅವರೊಬ್ಬರೇ.

"ಸಾರ್, ಅದನ್ನ ಕೆಡವಿ ಗರಾಜ್ ಮಾಡ್ಬೇಕು. ಸಿಟಿಯವ್ರು ರಿಪೋರ್ಟ್ ಕೇಳ್ತಿದಾರೆ. ಹಳೇದೇನಲ್ಲ ಅಂತ ಬರ್ದುಬಿಡಿ, ಪ್ಲೀಸ್," ಎಂದರು, ನನ್ನ ತಟ್ಟೆಗೆ ಹುಳಿ ಬಡಿಸುತ್ತ.

ಅವರು ಬಲವಂತ ಮಾಡಲಿಲ್ಲ. ಒಲ್ಲೆನೆಂದರೆ ಮುಂದಿನ ಭಾನುವಾರ ಕರೆಯದಿದ್ದರೆ — ಎಂದು ಹೆದರಿದವನು ನಾನು. ಬರೆದುಕೊಟ್ಟೆ.

ಕೆಡವುವ ದಿನ ಡಾರತಿ ಬೇಲಿಯ ಬಳಿ ನಿಂತಿದ್ದರು.

"ನೀವು ಸರಿಯಾಗಿ ನೋಡಿದಿರಿ ತಾನೇ?" ಎಂದು ಇಂಗ್ಲಿಷಿನಲ್ಲಿ, ಮೆಲ್ಲಗೆ ಕೇಳಿದರು.

"ನೋಡಿದೆ," ಎಂದೆ.

"ಹಾಗಾದರೆ ಅಜ್ಜಿಯೇ ಏನೋ ತಪ್ಪು ತಿಳಿದಿದ್ದಳು," ಎಂದು ಒಳಗೆ ಹೋದರು.

ಕೋಣೆ ಹೋದದ್ದಕ್ಕಿಂತ ನನ್ನನ್ನು ಚುಚ್ಚಿದ್ದು ಇದು — ಆ ವಯಸ್ಸಿನಲ್ಲಿ ಅವರು ತಮ್ಮ ಅಜ್ಜಿಯನ್ನು ಅನುಮಾನಿಸುವಂತೆ ಮಾಡಿದೆನಲ್ಲ. ಆಮೇಲೆ ಸುರೇಶರ ಮನೆಗೆ ಊಟಕ್ಕೆ ಹೋಗಲಿಲ್ಲ. ಒಂದು ವಾರ ನೆಗಡಿ, ಇನ್ನೊಂದು ವಾರ ಕೆಲಸ — ನಾನು ನೆಪ ಹೇಳುತ್ತಲೇ ಹೋದೆ; ಕೊನೆಗೆ ಅವರು ಕರೆಯುವುದನ್ನೇ ಬಿಟ್ಟರು. ಡಾರತಿ ತಮ್ಮ ಮಗಳಿದ್ದ ಶಾರ್ಲೆಟ್ ನಗರಕ್ಕೆ ಹೊರಟುಹೋದರು.

ಮೂರು ವರ್ಷ ಸುಮ್ಮನಿದ್ದೆ. ಕಳೆದ ತಿಂಗಳು ನನ್ನ ಮೂಲ ಟಿಪ್ಪಣಿಗಳನ್ನೂ ಫೋಟೋಗಳನ್ನೂ ನಗರದ ಕಚೇರಿಗೆ ಕಳಿಸಿ, ವರದಿ ಸುಳ್ಳೆಂದು ತಿಳಿಸಿದೆ. ಇನ್ನು ಈ ವೃತ್ತಿಯಲ್ಲಿ ನನ್ನ ಸಹಿಗೆ ಬೆಲೆಯಿಲ್ಲ, ಇರಬಾರದು. ಡಾರತಿಗೂ ಒಂದು ಪತ್ರ ಬರೆದೆ — ಅಜ್ಜಿ ಹೇಳಿದ್ದು ನಿಜ, ಗೊತ್ತಿದ್ದೇ ಮುಚ್ಚಿಟ್ಟೆ, ಎಂದು.

ಉತ್ತರ ಬಂದಿಲ್ಲ. ನಾನು ಒಂಟಿಯಾಗಿದ್ದೆ ಎಂಬುದನ್ನು ಪತ್ರದಲ್ಲಿ ಬರೆಯಲಿಲ್ಲ.