ಮಿಸ್ ಒಪ್ಪಿಕೊಂಡ ಮಾತು

ನಮ್ಮ ವಿಜ್ಞಾನದ ಮಿಸ್ ಅವರ ಸೆರಗಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ತೂತುಗಳಿದ್ದವು. ಆಸಿಡ್ ಸಿಡಿದು ಆದವು. ಅವರ ಯಾವ ಸೀರೆಯೂ ಅದರಿಂದ ಪಾರಾಗಿರಲಿಲ್ಲ.

ಬೇಲೂರಿನಿಂದ ಹಗರೆಯ ಹತ್ತಿರದ ನಮ್ಮೂರಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕೊನೆಯ ಬೆಲ್ ಹೊಡೆದ ಮೇಲೆ ಉಳಿದ ಮೇಷ್ಟ್ರುಗಳು ಬಸ್ಸಿಗೆ ಓಡಿದರೆ, ಇವರು ಲ್ಯಾಬಿನ ಬೀಗ ತೆಗೆದು ಹುಡುಗಿಯರನ್ನು ಮಾತ್ರ ಕರೆಯುತ್ತಿದ್ದರು. ತರಗತಿಯಲ್ಲಿ ಹುಡುಗರು ಸಾಮಾನು ಕಿತ್ತುಕೊಳ್ಳುವುದನ್ನು, ನಾವು ಬರೀ ನೋಡುತ್ತಾ ನಿಲ್ಲುವುದನ್ನು ಅವರು ಸಹಿಸುತ್ತಿರಲಿಲ್ಲ. ನಾವು ಒಂಬತ್ತು ಜನ. ಕೆಟ್ಟ ರೇಡಿಯೋ ಬಿಚ್ಚಿದೆವು, ಟ್ಯಾಂಕು ತುಂಬಿದರೆ ಕೂಗುವ ಅಲಾರಂ ಮಾಡಿದೆವು. ಏನು ಕೇಳಿದರೂ ಅವರದು ಒಂದೇ ಮಾತು: “ನಾನು ಹೇಳ್ದೆ ಅಂತ ನಂಬ್ಬೇಡ್ರೇ, ನೀವೇ ಅಳೆದು ನೋಡಿ.”

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಲ್ಯಾಕ್ಟೋಮೀಟರ್ ತಂದರು. ಹಾಲಿಗೆ ನೀರು ಬೆರೆತಿದ್ದರೆ ಈ ಗಾಜಿನ ಕಡ್ಡಿ ಹೆಚ್ಚು ಮುಳುಗುತ್ತದೆ ಎಂದು ಹೇಳಿ, ಪ್ಯಾಕೆಟ್ ಹಾಲಿನಲ್ಲಿ ಬಿಟ್ಟು ತೋರಿಸಿದರು. ನನಗೆ ತಡೆಯಲಾಗಲಿಲ್ಲ. ಮನೆಗೆ ಓಡಿದೆ. ಅಪ್ಪ ಬೇಲೂರಿನ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದ. ಸಂಜೆಗೆಂದು ತುಂಬಿಸಿಟ್ಟಿದ್ದ ಕ್ಯಾನಿನಿಂದ ಒಂದು ಚೊಂಬು ಹಾಲು ತಂದೆ. ಯಾರೂ ಹೇಳಿರಲಿಲ್ಲ, ನನ್ನದೇ ಹುಮ್ಮಸ್ಸು.

ಕಡ್ಡಿ ಕುತ್ತಿಗೆವರೆಗೂ ಮುಳುಗಿತು. ಯಾರೋ ಕಿಸಕ್ಕನೆ ನಕ್ಕರು. ಮಿಸ್ ತಟ್ಟನೆ ಅದನ್ನೆತ್ತಿ ಒರೆಸಿ, “ಇದ್ಯಾಕೋ ಕೆಟ್ಟೋಗಿದೆ ಕಣ್ರೇ, ನಾಳೆ ಬೇರೆ ತರ್ತೀನಿ” ಅಂದರು. ನನಗೆ ಗೊತ್ತಿದ್ದ ಮಟ್ಟಿಗೆ ಅವರು ನಮಗೆ ಹೇಳಿದ ಒಂದೇ ಸುಳ್ಳು ಅದು. ನನಗಾಗಿ ಹೇಳಿದ್ದು.

ಆದರೂ ಸುದ್ದಿ ಊರಿಗೆ ಹಬ್ಬಿತು. ಮಾರನೆಯ ದಿನ ಅಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದ. “ಪಾಠ ಹೇಳ್ಕೊಡಿ ಅಂದ್ರೆ ಊರೋರ ಹಾಲು ಅಳೀತಾ ಕೂತವ್ರೆ! ಹೆಣ್ಮಕ್ಕಳನ್ನ ಹೊತ್ತು ಮುಳುಗೋಗಂಟ ಇಟ್ಕೊಂಡು ಇದೇ ಏನ್ರೀ ಕಲ್ಸೋದು?”

ನನ್ನನ್ನು ಕರೆಸಿದರು. ಮಿಸ್ ಕಿಟಕಿಯ ಪಕ್ಕ ನಿಂತಿದ್ದರು.

“ಹಾಲು ತರೋಕೆ ಯಾರು ಹೇಳಿದ್ದಮ್ಮ?” ಹೆಡ್‌ಮಾಸ್ಟರು ಕೇಳಿದರು.

ಅಪ್ಪನ ಮುಖ ನೋಡಿದೆ. “ಮಿಸ್ಸೇ ಹೇಳಿದ್ರು ಸಾರ್. ಯಾರ ಮನೆ ಹಾಲಲ್ಲಿ ನೀರೈತೆ ನೋಡಾಣ ಅಂದ್ರು.”

ಹೆಡ್‌ಮಾಸ್ಟರು ಅವರ ಕಡೆ ತಿರುಗಿದರು. ಮಿಸ್ ಒಂದು ಗಳಿಗೆ ನನ್ನನ್ನೇ ನೋಡಿದರು. “ಹೌದು ಸಾರ್, ನಾನೇ ಹೇಳಿದ್ದು” ಅಂದರು.

ಸಂಜೆಯ ತರಗತಿ ಅವತ್ತೇ ನಿಂತಿತು. ಬೇಸಿಗೆ ರಜೆಯಲ್ಲಿ ಅವರಿಗೆ ಗೆಂಡೆಹಳ್ಳಿ ಕಡೆಗೆ ವರ್ಗವಾಯಿತು. ಎರಡು ವರ್ಷ ಚಿಕ್ಕವಳಾದ ನನ್ನ ತಂಗಿ ಆ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಒಂದು ಪ್ರನಾಳವನ್ನೂ ಮುಟ್ಟಲಿಲ್ಲ. ನಾನು ಮಾತ್ರ ಬಿಎಸ್ಸಿ ಮಾಡಿ, ಈಗ ಹಾಸನದಲ್ಲಿ ಕುಡಿಯುವ ನೀರು ಪರೀಕ್ಷಿಸುವ ಕೆಲಸದಲ್ಲಿದ್ದೇನೆ.

ಓದುವಾಗ ಒಮ್ಮೆ ಮಿಸ್ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. “ಬಿಎಸ್ಸಿನಾ? ಭೇಷ್ ಕಣೇ!” ಎಂದು ಬೆನ್ನು ತಟ್ಟಿದರು. ತಪ್ಪಾಯ್ತು ಅನ್ನಬೇಕೆಂದುಕೊಂಡೆ. ಬಸ್ಸು ಬಂತು, ಹತ್ತಿಬಿಟ್ಟೆ. ಆ ಬಸ್ಸು ತಪ್ಪಿದ್ದರೆ ಇನ್ನೊಂದಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಬೇಲೂರಿನ ಮನೆಗೆ ಹೋದಾಗ ಗೇಟಿನ ಬಳಿ ಗೆಂಡೆಹಳ್ಳಿ ಕಡೆಯ ಹತ್ತಿಪ್ಪತ್ತು ಹುಡುಗಿಯರು ಯೂನಿಫಾರಂನಲ್ಲೇ ಅಳುತ್ತ ನಿಂತಿದ್ದರು. ಅಲ್ಲಿಯೂ ಸಂಜೆಯ ತರಗತಿ ನಡೆಸಿದ್ದರಂತೆ, ಕೊನೆಯವರೆಗೂ.

“ಅಕ್ಕಾ, ನೀವೂ ಮಿಸ್ ಹತ್ರ ಕಲ್ತೋರಾ?” ಒಬ್ಬಳು ಕೇಳಿದಳು.

“ಹೂಂ. ಅವರ ಮೇಲೆ ಸುಳ್ಳು ಹೇಳಿ ನಮ್ಮೂರಿನ ಕ್ಲಾಸು ನಿಲ್ಲಿಸಿದವಳು ನಾನೇ” ಅಂದೆ.

ಹುಡುಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ, ನಾನು ಒಳಗೆ ಹೋಗಲೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.