ಅಫೀಮಿನ ಸಾಲಿನಲ್ಲಿ ಅಪ್ಪನ ದನಿ

ಚಿಕ್ಕಪ್ಪ, ಅಂದು ಆ ಸಾಲಿನಲ್ಲಿ ನಿಮ್ಮನ್ನು ಕೂಗಿದ್ದು ಅಪ್ಪ ಅಲ್ಲ — ನಾನು. ಏಳು ವರ್ಷ ಈ ಮಾತು ಮುಚ್ಚಿಟ್ಟೆ. ಈಗ ಬರೆಯಲು ಕೂತಿದ್ದೇನೆ.

ನನ್ನ ಚಾಳಿ ನಿಮಗೆ ಗೊತ್ತು. ಮದುವೆಮನೆಯ ಪುರೋಹಿತರು, ಬಸ್ಸಿನ ಕಂಡಕ್ಟರು, ಕನ್ನಡಿಯ ಮುಂದೆ ನಾನೇ — ದೊಡ್ಡ ಮೂಗಿನ, ಕೀಚಲು ದನಿಯ ನಾನು — ಯಾರನ್ನೂ ಅಣಕಿಸದೆ ಬಿಟ್ಟವನಲ್ಲ. ಅಪ್ಪನ ದನಿಯಂತೂ ನನಗೆ ಕರತಲಾಮಲಕ. ಮೊದಲು ಆ ಒಣ ಕೆಮ್ಮು, ಆಮೇಲೆ ಹೆಸರು. ಒಮ್ಮೆ ಅಮ್ಮನೇ ಮೋಸಹೋಗಿ ಕಾಫಿ ತಂದಿದ್ದಳು.

ಆ ದಿನ ಪಂಚೆ ಕೊಳ್ಳಲು ಪುರಸೈವಾಕ್ಕಂ ಪೇಟೆಗೆ ಬಂದಿದ್ದೆ. ಅಬಕಾರಿ ಕಚೇರಿಯ ಮುಂದೆ ಸಾಲು. ಅಫೀಮು ಇನ್ನು ಮುಂದೆ ನಿಷೇಧ; ಅದಿಲ್ಲದೆ ಆಗದವರು ಡಾಕ್ಟರ ಚೀಟಿ ತಂದು ಹೆಸರು ಬರೆಸಿದರೆ ಕಾರ್ಡು, ಕಾರ್ಡಿದ್ದವರಿಗೆ ಸರ್ಕಾರಿ ಅಂಗಡಿಯಲ್ಲಿ ತೂಗಿ ಕೊಡುತ್ತಾರೆ. ಅಂದೇ ಕೊನೆಯ ದಿನ ಅಂತ ಬೋರ್ಡಿನಲ್ಲಿ ದಪ್ಪಗೆ ಬರೆದಿತ್ತು. ನಾನು ಓದಿರಲಿಲ್ಲ ಅಂತ ಹೇಳಿಕೊಳ್ಳುವ ಆಸೆ... ಇಲ್ಲ, ಓದಿದ್ದೆ.

ಸಾಲಿನಲ್ಲಿ ನೀವು, ತಲೆಗೆ ಟವಲು ಸುತ್ತಿಕೊಂಡು. ರೈಲ್ವೆ ಕೆಲಸದಲ್ಲಿ ಬೆನ್ನು ಹಿಡಿದುಕೊಂಡಾಗಿನಿಂದ ಹಾಲಿನಲ್ಲಿ ಕಡಲೆಕಾಳಿನಷ್ಟು ಕರಗಿಸಿ ಕುಡಿಯುತ್ತೀರಿ ಅಂತ ಚಿಕ್ಕಮ್ಮ ಹೇಳಿದ್ದಳು. ಅಪ್ಪನಿಗೆ ತಿಳಿಯಬಾರದು ಅಂತಲೂ. ಕಿಟಕಿಯ ಗುಮಾಸ್ತ "ಪೇರು ಸೊಲ್ಲುಂಗ ಸಾರ್" ಅಂದ. ನೀವು ಹೆಸರು ಹೇಳಲು ಬಾಯಿ ತೆರೆದಿರಿ. ಕಂಬದ ಹಿಂದೆ ನಾನು ಕೆಮ್ಮಿದೆ.

"ಏನೋ ವೆಂಕಟೂ, ನಮ್ಮನೆ ಹೆಸರು ಇಲ್ಲಿ ಬರೆಸ್ತೀಯೇನೋ?"

ನೀವು ತಿರುಗಿಯೂ ನೋಡಲಿಲ್ಲ. ಚೀಟಿ ಬಿತ್ತು, ಒಂದು ಚಪ್ಪಲಿ ಅಲ್ಲೇ ಉಳಿಯಿತು, ಓಡುತ್ತಿದ್ದ ಬಸ್ಸು ಹತ್ತಿಬಿಟ್ಟಿರಿ. ನಾನು ಕಂಬ ಹಿಡಿದು ನಕ್ಕೆ — ಹೊಟ್ಟೆ ಹುಣ್ಣಾಗುವಷ್ಟು. ಚೀಟಿ ಎತ್ತಿಕೊಂಡು ನಿಮ್ಮ ಹಿಂದೆ ಬರಬಹುದಿತ್ತು. ಕಿಟಕಿ ಐದರವರೆಗೂ ತೆರೆದಿತ್ತು.

ಕಾರ್ಡು ಸಿಗಲಿಲ್ಲ, ನೋವು ಬಿಡಲಿಲ್ಲ. ಮೂರನೆಯ ತಿಂಗಳು ಪಲ್ಲಾವರಂ ಸಂತೆಯಲ್ಲಿ ಕಳ್ಳಮಾಲಿನ ಪೊಟ್ಟಣದೊಂದಿಗೆ ನಿಮ್ಮನ್ನು ಹಿಡಿದರು. ಕೆಲಸ ಹೋಯಿತು. ಬಿಡಿಸಲು ನನ್ನ ಜೊತೆ ಬಂದ ಅಪ್ಪ ಠಾಣೆಯಲ್ಲೇ ಅಂದರು: "ಪೆದ್ದ, ಹೆಸರು ಬರೆಸೋಕೆ ಏನಾಗಿತ್ತೋ? ನಾನು ಬೇಡ ಅಂದಿದ್ನಾ?"

ನೀವು ಅಣ್ಣನ ಮುಖವನ್ನೇ ನೋಡಿದಿರಿ. ಇಷ್ಟು ಹಸಿ ಸುಳ್ಳು ಹೇಳುವ ಅಣ್ಣ — ಆ ನೋಟ ನನಗೆ ಅರ್ಥವಾಯಿತು, ಅಪ್ಪನಿಗೆ ಆಗಲಿಲ್ಲ. ಇಬ್ಬರ ನಡುವೆ ನಿಂತಿದ್ದೆ. ಎಲ್ಲರ ದನಿಯೂ ಬರುವ ನನಗೆ ನನ್ನದೊಂದು ಹೊರಡಲಿಲ್ಲ. ಅಂದಿನಿಂದ ನೀವು ನಮ್ಮ ಹೊಸಿಲು ತುಳಿದಿಲ್ಲ.

"ಅವನಿಗೆ ನಾನೇನು ಮಾಡಿದೆನೋ" ಅಂತ ಅಪ್ಪ ಇವತ್ತೂ ಊಟಕ್ಕೆ ಕೂತಾಗ ಕೇಳಿದರು.

ಭಾನುವಾರ ಅವರನ್ನು ಪೆರಂಬೂರಿನ ನಿಮ್ಮ ಮನೆಗೆ ಕರೆತರುತ್ತಿದ್ದೇನೆ. ಕಾರಣ ಹೇಳಿಲ್ಲ. ನಿಮ್ಮ ಬಾಗಿಲಲ್ಲಿ, ಅವರ ಪಕ್ಕದಲ್ಲೇ ನಿಂತು, ಒಮ್ಮೆ ಕೆಮ್ಮಿ, ಅಂದು ಸಾಲಿನಲ್ಲಿ ಕೂಗಿದ ಆ ಮಾತನ್ನು ಅವರ ದನಿಯಲ್ಲೇ ಹೇಳುತ್ತೇನೆ. ಆಮೇಲೆ ನೀವಿಬ್ಬರೂ ನನ್ನನ್ನು ಏನು ಮಾಡಿದರೂ ಸರಿ — ಬಾಗಿಲು ಮಾತ್ರ ತೆಗೆಯಿರಿ, ಚಿಕ್ಕಪ್ಪ.