ಬಳೆಗಾರ್ತಿ ಚಾಂದಬೀ ಹಿಡಿದ ಹೆಬ್ಬೆರಳು

ಚಾಂದಬೀ ಚಿತ್ತಾಪುರದ ಓಣಿ ಓಣಿ ತಿರುಗಿ ಬಳೆ ಇಡುವವಳು. ಸಣ್ಣ ಬಳೆ ಕೈಗೆ ಏರಬೇಕಾದರೆ ಹೆಬ್ಬೆರಳ ಬುಡವನ್ನು ಮೆತ್ತಗೆ ಮಾಡಿ ಅಂಗೈಯೊಳಗೆ ಮಡಚಬೇಕು. ಅದು ಅವಳಿಗೆ ಅತ್ತೆಯಿಂದ ಬಂದ ವಿದ್ಯೆ. ಹೆಬ್ಬೆರಳ ಬುಡ ಸವೆದು ನೋಯುವ ಮುದುಕಿಯರು ಬಳೆ ಇಡಿಸಿಕೊಳ್ಳುವ ನೆಪದಲ್ಲಿ ಅವಳು ನೀವುವ ಹಿತಕ್ಕೆ ಕೈ ಚಾಚಿ ಕೂತಿರುತ್ತಿದ್ದರು.

ನಾನು ಕೂರುತ್ತಿರಲಿಲ್ಲ. ಗಂಡ ಸತ್ತವಳ ಕೈ ಬಳೆಗಾರ್ತಿಯ ಕೈಗೆ ಹೋಗುವುದು ಹೇಗೆ? ಅವಳ ದನಿ ಕೇಳಿದರೆ ಒಳಗೆ ಸರಿಯುತ್ತಿದ್ದೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ ನನ್ನ ಬಲಗೈ ಹೆಬ್ಬೆರಳು ಹಟ ಹಿಡಿಯಿತು. ಕೋರ್ಟಿಗೆ ಬರುವವರಿಗೆ ರೊಟ್ಟಿ ಬಡಿದು ಹಾಕಿ ಬದುಕುತ್ತಿದ್ದವಳು ನಾನು. ಹಿಟ್ಟು ನಾದಲು ಆಗದು, ತಂಬಿಗೆ ಎತ್ತಲು ಆಗದು. ತಮ್ಮ ಭಗವಂತ ಮುಧೋಳದಿಂದ ಬಂದ.

"ಅಕ್ಕಾ, ಖಾನಾವಳಿ ಬಂದ್ ಮಾಡು. ಶುಕ್ರಾರ ಬರ್ತೀನಿ, ಅರಿಬಿ ಕಟ್ಟಿಡು. ನಮ್ಮನ್ಯಾಗ ಇರು."

ಪ್ರೀತಿಯಿಂದಲೇ ಅಂದ. ಅವನ ಮನೆಯಲ್ಲಿ ಊಟಕ್ಕೆ ಕಡಿಮೆ ಇರಲಿಲ್ಲ. ಆದರೆ ಆ ಒಲೆ ನನ್ನದಲ್ಲ.

ನೆರೆಮನೆಯ ಲಾಲಮ್ಮ ನನ್ನನ್ನು ಕೇಳದೆಯೇ ಚಾಂದಬೀಯನ್ನು ಕರೆತಂದಳು. ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ನಾ ಹಿಡಿಯೋದು ಹೆಬ್ಬಟ್ಟರಿ ಅನಸುಬಾಯಿ, ಬಳಿ ಇಡಾಕ ಬಂದಿಲ್ಲ. ಮುಷ್ಟಿ ಬಿಡ್ರಿ. ಒಳಗ ಬಂಗಾರ ಇಟ್ಟೀರೇನು?" ಅಂದಳು ಚಾಂದಬೀ.

ನಕ್ಕೆ. ಕೈ ಕೊಟ್ಟೆ.

ಅಂದಿನಿಂದ ದಿನಾ ಮಧ್ಯಾಹ್ನ ಬಂದಳು. ಬಿಸಿ ಕುಸುಬಿ ಎಣ್ಣೆ ಹಚ್ಚಿ, ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು, ಬಲಗೈಯಲ್ಲಿ ಹೆಬ್ಬೆರಳನ್ನು ಮೆಲ್ಲಗೆ ತನ್ನ ಕಡೆ ಎಳೆಯುತ್ತಿದ್ದಳು. ಎಳೆದು ಹಾಗೇ ತಡೆದು, ಸಣ್ಣದಾಗಿ ತಿರುಗಿಸಿ ಬಿಡುವಳು. ತೋರುಬೆರಳಿನ ಪಕ್ಕದ ಬಿಗಿದ ಮಾಂಸವನ್ನು ಒತ್ತುವಳು. ನಾನು ಹಲ್ಲು ಕಚ್ಚಿದರೆ ಅಲ್ಲಿಂದ ಹಿಂದೆ ಸರಿಯುವಳು.

ಶುಕ್ರವಾರ. ಸೆಕೆ. ಅವಳು ಪಕ್ಕಕ್ಕಿಟ್ಟಿದ್ದ ಮಾರುವ ಬಳೆಗಳ ಮೇಲೆ ಬಿದ್ದ ಬಿಸಿಲು ಹಾಸುಗಲ್ಲಿನ ಮೇಲೆ ಹಸಿರು, ಕೆಂಪು ನೀರಿನಂತೆ ಅಲುಗುತ್ತಿತ್ತು. ಚಾಂದಬೀ ತವರೂರಿನ ಯಾವುದೋ ಹಳೆಯ ಬಾವಿಯ ಕಥೆ ಹೇಳುತ್ತಿದ್ದಳು. ಅವಳಿಗೂ ತೂಕಡಿಕೆ. ನನ್ನ ಕೈ ನನ್ನದಲ್ಲ ಎಂಬಂತೆ ಹಗುರಾಗಿ ಎಲ್ಲೋ ತೇಲಿತು. ಕಣ್ಣು ಮುಚ್ಚಿದೆ. ತಣ್ಣಗೆ ಏನೋ ಮಣಿಕಟ್ಟಿಗೆ ಜಾರಿತು.

ಕಣ್ಣು ಬಿಟ್ಟರೆ ಹಸಿರು ಬಳೆ.

"ಯಾ ಅಲ್ಲಾ! ತಪ್ಪಾತರಿ! ಕೈ ಮೆತ್ತಗಾದ್ರ ನನ್ನ ಬೆರಳು ನನ್ನ ಮಾತು ಕೇಳಂಗಿಲ್ಲರಿ," ಎಂದು ಚಾಂದಬೀ ಬೆವರಿದಳು.

"ಭಗವಂತ ಬರೋ ಹೊತ್ತು! ಲಗೂ ಒಡದು ತಗೀ," ಎಂದಳು ಪಕ್ಕದಲ್ಲೇ ಕೂತಿದ್ದ ಲಾಲಮ್ಮ.

"ಒಡಿಯಾಕ ಒಲ್ಲೆ. ಅದು ಹೋದ ದಾರೀಲೇ ಬರ್ತದ," ಅಂದಳು ಚಾಂದಬೀ.

ನಾನು ಬೇಗ ತೆಗಿ ಅನ್ನಲಿಲ್ಲ. ಒಂದು ಗಳಿಗೆ ಅದರ ಬಣ್ಣ ನೋಡಿದೆ. ಆಮೇಲೆ ಕೈ ಚಾಚಿದೆ.

ಅವಳು ಹೆಬ್ಬೆರಳನ್ನು ಅಂಗೈಗೆ ಮಡಚಿದಳು. ಮುಟ್ಟಿದರೆ ಉರಿಯುತ್ತಿದ್ದ ಬುಡದ ಮೇಲೆಯೇ ಬಳೆ ಹಾದುಬಂತು. ನೋವು ಇತ್ತು, ಆದರೆ ಕೂಗಿಸುವ ನೋವಲ್ಲ. ಹಟ ಹಿಡಿದ ಹೆಬ್ಬೆರಳು ಮಣಿದಿತ್ತು; ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ನಾನು ಎದ್ದು ಹಿಟ್ಟಿನ ಡಬ್ಬಿ ತೆಗೆದೆ.

"ಹೆಬ್ಬಟ್ಟಿನ ಮ್ಯಾಲ ಭಾರ ಹಾಕಬ್ಯಾಡ್ರಿ, ಅಂಗೈಲೆ ನಾದ್ರಿ," ಎಂದು ಚಾಂದಬೀ ಎದುರಿಗೆ ಕೂತು ನೋಡಿದಳು.

ಭಗವಂತ ಬಂದಾಗ ತಾಟಿನಲ್ಲಿ ಬಿಸಿ ರೊಟ್ಟಿ ಇತ್ತು. ಅಂಚು ಸೊಟ್ಟ, ನಡುವೆ ದಪ್ಪ.

"ಯಾರು ಬಡದ್ರಿದು? ಇಷ್ಟು ಸೊಟ್ಟ!"

"ನಾನೇ. ತಿನ್ನು. ನಾಳಿಂದು ನೆಟ್ಟಗ ಬರ್ತದ."

ಅವನು ಇನ್ನೊಂದು ಕೇಳಿ ಹಾಕಿಸಿಕೊಂಡು ತಿಂದ. ಸಂಜೆಯ ಬಸ್ಸಿಗೆ ಒಬ್ಬನೇ ಹೋದ.